ಮುನಿಶಾಮಣ್ಣನ ಕುಂಟೆ ಒಡೆದ ಯುಗಾದಿ

ನಮ್ಮ ಕಡೆ ಎಲ್ಲೆಂದರಲ್ಲಿ ಕೊಳವೆಬಾವಿ ಕೊರೆಸುತ್ತಿದ್ದ, ತೋಡಿದ ಬಾವಿಗಳೆಲ್ಲ ಕಸ ಸುರಿಯುವ ಗುಂಡಿಗಳಾಗುತ್ತಿದ್ದ ಕಾಲ ಅದು. ಕೋಲಾರದ ಹತ್ತಿರದ ವಕ್ಕಲೇರಿಯಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು. ನಾನಾಗ ನಾಲ್ಕನೇ ಕ್ಲಾಸು. ಬಾಲ್ಯದ ಮಾತು ಬಂದರೆ ಸಾಕು, ನನ್ನ ಓರಗೆಯವರೆಲ್ಲ ಹುಣಸೆಕಾಯಿ, ಸೀಬೆಕಾಯಿ, ಕುಂಟೆಬಿಲ್ಲೆ ಅಂತ ಕಣ್ಣರಳಿಸಿಕೊಂಡು ಶುರು ಮಾಡುತ್ತಾರೆ. ನನಗೂ ಅವೆಲ್ಲ ನೆನಪಿವೆ. ಆದರೆ ಎಲ್ಲಕ್ಕಿಂತ ಮೊದಲು ನನ್ನ ಮೂಗಿಗೆ ಬರುವುದು ಬ್ಲೀಚಿಂಗ್ ಪೌಡರಿನ ಘಾಟು, ಕೊಳೆತ ರೇಷ್ಮೆ ಹುಳುವಿನ ನಾತ, ಅದರ ಹಿಂದೆಯೇ ಬಿಸಿ ಒಬ್ಬಟ್ಟಿನ ವಾಸನೆ. ಈ ಮೂರೂ ಒಟ್ಟಿಗೆ ಬಂದ ಒಂದು ಯುಗಾದಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಹೇಸಿಗೆಯಾದರೆ ನನ್ನ ಮೇಲೆ ಸಿಟ್ಟಾಗಬೇಡಿ. ನನಗೂ ಹೇಸಿಗೆಯೇ.

ಮುನಿಶಾಮಣ್ಣ ಬಾವಿ ತೋಡುವವನು. ಸುತ್ತಲಿನ ಹತ್ತು ಹಳ್ಳಿಗಳ ಬಾವಿಗಳಲ್ಲಿ ಅವನ ಗುದ್ದಲಿ ಬೀಳದ ಬಾವಿ ಇರಲಿಲ್ಲ. ಮಣ್ಣನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಕೆಲವೊಮ್ಮೆ ನಾಲಿಗೆಗೂ ಇಟ್ಟುಕೊಂಡು ಎಷ್ಟು ಆಳದಲ್ಲಿ ನೀರಿದೆ ಎಂದು ಹೇಳುತ್ತಿದ್ದ. ಕೊರೆಯುವ ಲಾರಿಗಳು ಬಂದ ಮೇಲೆ ಅವನನ್ನು ಕೇಳುವವರಿಲ್ಲ. ನಮ್ಮ ಹಿಪ್ಪುನೇರಳೆ ತೋಟದ ಕೆಳಗೆ ಅವನದೊಂದು ತುಂಡು ನೆಲವಿತ್ತು. ಎರಡು ದಿಣ್ಣೆಗಳ ನಡುವೆ ಮಳೆನೀರು ಹರಿದು ಹೋಗುವ ಕಲ್ಲು ಜಾಗ, ರಾಗಿಯೂ ಹುಟ್ಟದ ನೆಲ. ಅದಕ್ಕೆ ಅಡ್ಡಲಾಗಿ ಮಣ್ಣಿನ ಕಟ್ಟೆ ಹಾಕಿ, ನೀರು ನಿಲ್ಲಿಸಿ ಕುಂಟೆ ಮಾಡುತ್ತೇನೆ, ಮೀನು ಬಿಡುತ್ತೇನೆ ಎಂದು ಅವನು ಹೊರಟಾಗ ಊರವರಿಗೆ ತಮಾಷೆಯೋ ತಮಾಷೆ.

"ಏನ್ಲಾ ಮುನಿಶಾಮಿ, ಬಾವಿ ಬಿಟ್ಟು ಈಗ ಸಮುದ್ರ ಕಟ್ಟಕ್ಕೆ ಹೊಂಟಿದ್ದೀಯಾ?"

"ಹೂ ಕಣಣ್ಣೋ. ನಾನು ಸಮುದ್ರ ಕಟ್ತೀನಿ, ನೀನು ಹಡಗು ತಂದ್ಬಿಡು."

ಅವನ ಬಾಯಿಗೆ ಸಿಕ್ಕಿ ಗೆದ್ದವರಿಲ್ಲ. ಆದರೆ ಕೆಲಸದಲ್ಲಿ ಮಾತ್ರ ಅವನು ತಮಾಷೆ ಮಾಡುತ್ತಿರಲಿಲ್ಲ. ಬೇಸಿಗೆಯಲ್ಲಿ ಮೊದಲು ಕಟ್ಟೆ ಬರುವ ಉದ್ದಕ್ಕೂ ಗಟ್ಟಿ ನೆಲ ಸಿಗುವವರೆಗೆ ಅಗೆದ. ಆ ಕಾಲುವೆಗೆ ಜೇಡಿಮಣ್ಣು ತುಂಬಿದ. ಆಮೇಲೆ ಒಂದು ಗೇಣು ಮಣ್ಣು ಹಾಕುವುದು, ನೀರು ಚಿಮುಕಿಸುವುದು, ತುಳಿಸುವುದು. ಮತ್ತೆ ಒಂದು ಗೇಣು. ತುಳಿಸಲು ಬೆಳಿಗ್ಗೆ ಕುರಿಮಂದೆಯನ್ನು ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ಅಟ್ಟಿಸುತ್ತಿದ್ದ. ಸಂಜೆಯ ಸರದಿ ನಮ್ಮದು.

"ಕುಣೀರೋ, ಕುಣೀರೇ! ಮೆತ್ತಗೆ ಕುಣಿದ್ರೆ ಕಡಲೆಕಾಯಿ ಇಲ್ಲ. ಕಾಲು ಜಾಡಿಸಿ ಕುಣೀರಿ!"

ಊರಿನ ಅಷ್ಟೂ ಮಕ್ಕಳು ಹಸಿ ಜೇಡಿಯ ಮೇಲೆ ಕುಣಿದೆವು. ಗೆರೆ ಎಳೆದು ಕುಂಟೆಬಿಲ್ಲೆ ಆಡಿದೆವು, ಒಬ್ಬರ ಬೆನ್ನ ಮೇಲಿನಿಂದ ಒಬ್ಬರು ಹಾರಿದೆವು, ಜಾರಿ ಬಿದ್ದು ಮೈಯೆಲ್ಲ ಕೆಂಪಾಗಿ ಎದ್ದೆವು. ಕತ್ತಲಾಗುವ ಮುಂಚೆ ಅವನ ಹೆಂಡತಿ ಲಕ್ಷ್ಮಕ್ಕ ಮೊರದಲ್ಲಿ ಹುರಿದ ಕಡಲೆಕಾಯಿ, ಬೆಲ್ಲದ ಚೂರು ಹಿಡಿದುಕೊಂಡು ಬರುತ್ತಿದ್ದಳು. ಅವಳು ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವಳು. ಮುದ್ದು ಮಾಡುವಾಗಲೂ ಬೈಯುವಾಗಲೂ ತೆಲುಗೇ. ಮನೆಗೆ ಹೋದರೆ ಲಂಗದ ಮಣ್ಣು ನೋಡಿ ಅಮ್ಮನ ಕೈಲಿ ಒಂದು ಏಟು ಇದ್ದೇ ಇರುತ್ತಿತ್ತು. ಆ ಏಟು ನನಗೆ ಲೆಕ್ಕಕ್ಕೇ ಇರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕುಂಟೆ ತುಂಬಿ, ಹೆಚ್ಚಾದ ನೀರು ಪಕ್ಕದಲ್ಲಿ ಚಪ್ಪಡಿ ಜೋಡಿಸಿದ್ದ ಕೋಡಿಯ ಮೇಲೆ ಹರಿದು ಊರ ಕೆರೆಯ ಕಡೆಗೆ ಹೋಯಿತು. ಒಂದು ವಾರ ಕೆಂಪಗಿದ್ದ ನೀರು ಆಮೇಲೆ ತಿಳಿಯಾಯಿತು. ಮುನಿಶಾಮಣ್ಣ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲಾ, ರೋಹು ಮರಿಗಳನ್ನು ಕೋಲಾರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಕೊರಮೀನು ಮಾತ್ರ ಯಾರೂ ತರದೆ ತಾನೇ ಬಂತು. ಹಳ್ಳದ ನೀರಲ್ಲಿ ಹತ್ತಿ ಬಂದಿರಬೇಕು ಅಂದ. ಹುಲ್ಲಿನ ನಡುವೆ ಅದರ ಮರಿಗಳು ಕೆಂಪಗೆ ಒಂದೇ ಗುಂಪಾಗಿ ಸುತ್ತುತ್ತಿದ್ದವು. ಕೆಳಗೆ ಕಪ್ಪಗೆ ತಾಯಿ ಕಾವಲು. ಕಡ್ಡಿ ಚಾಚಿದರೆ ಎಗರಿ ಕಡಿಯಲು ಬರುತ್ತಿತ್ತು.

ಮೀನು ಬಂದ ಮೇಲೆ ಮಿಕ್ಕವೂ ಬಂದವು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ. ಗುಳುಮುಳುಕ ಎಂಬ ಪುಟ್ಟ ಹಕ್ಕಿ ಇಲ್ಲಿ ಮುಳುಗಿ ಎಲ್ಲೋ ಏಳುತ್ತಿತ್ತು. ಎಲ್ಲಿ ಏಳುತ್ತದೆ ಎಂದು ನಾನೂ ಪಕ್ಕದ ಮನೆಯ ಭಾರತಿಯೂ ಪಂದ್ಯ ಕಟ್ಟುತ್ತಿದ್ದೆವು, ಸೋತವರು ಗೆದ್ದವರ ಸ್ಲೇಟು ಒರೆಸಬೇಕಿತ್ತು. ಸಂಜೆ ದಿಣ್ಣೆ ಇಳಿದು ನವಿಲುಗಳು ನೀರಿಗೆ ಬರುತ್ತಿದ್ದವು. ಒಮ್ಮೆ ಮುಂಗುಸಿಯೊಂದು ತನ್ನ ಸಂಸಾರ ಕರೆದುಕೊಂಡು ನಮ್ಮ ಮುಂದೆಯೇ ಕಟ್ಟೆ ದಾಟಿತು.

ನಗುತ್ತಿದ್ದ ಊರಿಗೆ ಈಗ ಹೊಟ್ಟೆಯುರಿ. ಊರ ಕೆರೆಗೆ ಹೋಗುವ ನೀರನ್ನು ಇವನೊಬ್ಬ ತಡೆದಿದ್ದಾನೆ ಎಂದು ಶುರುವಾಯಿತು. ಕೋಡಿಯಲ್ಲಿ ಹರಿದದ್ದನ್ನು ಎಲ್ಲರೂ ಕಂಡಿದ್ದರು, ಆದರೂ ಯಾರೂ ಕಾಣಲಿಲ್ಲ. ಅರಳಿಕಟ್ಟೆಯಲ್ಲಿ ಸೇರಿ ಊರ ಯಜಮಾನರು ತೀರ್ಮಾನ ಹೇಳಿದರು. ಯುಗಾದಿವರೆಗೆ ಕುಂಟೆ ಇರಲಿ. ನೀರು ಕೆಡದಿದ್ದರೆ, ದನಕರುಗಳಿಗೆ ಏನೂ ಆಗದಿದ್ದರೆ ಅದು ಅಲ್ಲೇ ಉಳಿಯಲಿ. ಕೆಟ್ಟರೆ ಕಟ್ಟೆ ಒಡೆದು ನೀರು ಬಿಟ್ಟುಬಿಡಬೇಕು.

ಮುನಿಶಾಮಣ್ಣ ಒಪ್ಪಿದ. "ಉಗಾದಿ ಮಾರನೇ ದಿನ, ವರ್ಷತೊಡಕಿಗೆ, ಮನೆಗೊಂದು ಮೀನು ನಾನು ಕೊಡ್ತೀನಿ. ನೀವು ಒಂದೇ ಒಂದು ಮಾಡಿ. ರೇಷ್ಮೆ ಹುಳದ ತಟ್ಟೆ, ಔಷಧಿ ಹೊಡೆಯೋ ಪಂಪು, ಯಾವುದನ್ನೂ ಈ ನೀರಲ್ಲಿ ತೊಳೀಬೇಡಿ. ಕೈ ಮುಗೀತೀನಿ," ಎಂದು ನಿಜವಾಗಿಯೂ ಕೈ ಮುಗಿದ. ಎಲ್ಲರೂ ತಲೆಯಾಡಿಸಿದರು. ನನ್ನ ಅಪ್ಪನೂ.

ಬಿಟ್ಟಿ ಮೀನೆಂದರೆ ಜನ ಹೇಗೆ ನಾಚಿಕೆ ಬಿಡುತ್ತಾರೆ ಎಂಬುದನ್ನು ನಾನು ಆ ಮಾಘ, ಫಾಲ್ಗುಣದಲ್ಲಿ ನೋಡಿದೆ. ಕಟ್ಟೆಯ ಮೇಲೆ ಬಂದು ನಿಂತು, ಬೆರಳು ತೋರಿಸಿ, ಆ ದಪ್ಪದ್ದು ನಮ್ಮ ಮನೆಗೆ ಎನ್ನುವವರೇ ಎಲ್ಲ. ಹೊಟ್ಟೆಯುರಿಯ ಜೊತೆಗೆ ಜೊಲ್ಲೂ ಸೇರಿತ್ತು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಆ ವರ್ಷ ಯುಗಾದಿಗೆ ಹತ್ತು ದಿನವಿರುವಾಗ ನಮ್ಮ ಹುಳುಗಳಿಗೆ ಸಪ್ಪೆ ರೋಗ ತಗುಲಿತು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಸೊಪ್ಪು ಮುಟ್ಟದೆ ಸೋತು, ಕಪ್ಪಾಗಿ, ಕೈಯಿಟ್ಟರೆ ಒಡೆದು ನೀರಾದವು. ಆ ನಾತ ಕಂಡವರಿಗೇ ಗೊತ್ತು. ಅನ್ನಕ್ಕೂ ಹಾಸಿಗೆಗೂ ಅಮ್ಮನ ಸೆರಗಿಗೂ ಅದೇ ನಾತ. ಸತ್ತ ಹುಳುಗಳನ್ನು ಗುಂಡಿ ತೋಡಿ ಮುಚ್ಚಿ, ತಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಬಿಸಿಲಿಗಿಡಿ ಎಂದು ರೇಷ್ಮೆ ಇಲಾಖೆಯವರು ಹೇಳಿಹೋದರು. ಹಬ್ಬ ಕಳೆದ ಕೂಡಲೇ ಹೊಸ ಹುಳು ಬರುವುದಿತ್ತು. ಅಷ್ಟರಲ್ಲಿ ನಮ್ಮ ಬೋರಿನ ಮೋಟರು ಸುಟ್ಟುಹೋಯಿತು.

ಹಬ್ಬದ ಹಿಂದಿನ ದಿನ, ಅಮಾವಾಸ್ಯೆ. ಊರೆಲ್ಲ ಹಬ್ಬದ ಸಾಮಾನಿಗೆ ಕೋಲಾರಕ್ಕೆ ಹೋಗಿತ್ತು. ಮುನಿಶಾಮಣ್ಣ, ಲಕ್ಷ್ಮಕ್ಕ ಇಬ್ಬರೂ ಅವಳ ಅಣ್ಣನನ್ನು ತೊಡಕಿನೂಟಕ್ಕೆ ಕರೆಯಲು ರಾಯಲ್ಪಾಡಿಗೆ ಹೋಗಿದ್ದರು. ಮಟಮಟ ಮಧ್ಯಾಹ್ನ ಅಪ್ಪ ಬಿದಿರು ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಕುಂಟೆಗೆ ಇಳಿದ. ನನ್ನ ಕೈಗೆ ಪೌಡರಿನ ಚೀಲ ಕೊಟ್ಟ.

"ಅಪ್ಪಾ, ಇಲ್ಲಿ ತೊಳೀಬಾರ್ದು ಅಂದವ್ರೆ."

"ಇಷ್ಟು ನೀರಲ್ಲಿ ನಮ್ಮ ನಾಲ್ಕು ತಟ್ಟೆ ಏನ್ ಲೆಕ್ಕ? ಚಿಮುಕಿಸು ಬೇಗ."

ನಾಲ್ಕಲ್ಲ, ಹುಳದ ಮನೆಯಲ್ಲಿದ್ದ ಅಷ್ಟೂ ತಟ್ಟೆ. ಫಾಲ್ಗುಣ ಮುಗಿಯುವ ಹೊತ್ತಿಗೆ ಕುಂಟೆಯ ನೀರೂ ಸೊಂಟದ ಮಟ್ಟಕ್ಕೆ ಇಳಿದಿತ್ತು. ನಾನು ಪೌಡರು ಚಿಮುಕಿಸಿದೆ. ಕೈ ಉರಿಯಿತು, ಕಣ್ಣಲ್ಲಿ ನೀರು ಬಂತು. ಅಪ್ಪ ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ನೀರಿಗೆ ಅದ್ದಿದ. ಕೊನೆಗೆ ಸತ್ತ ಹುಳುಗಳ ಮಂಕರಿಯನ್ನೂ ತಂದ. ನಾತ ಅಡಗಲಿ ಎಂದು ಎರಡು ದಿನದಿಂದ ಅದರ ಮೇಲೂ ಅದೇ ಪೌಡರು ಸುರಿದಿದ್ದ.

"ಗುಂಡಿ ತೋಡಿ ಮುಚ್ಚಬೇಕಲ್ವಾಪ್ಪ?"

"ಈ ಬಿಸಿಲಲ್ಲಿ ಯಾರೇ ತೋಡ್ತಾರೆ? ಮೀನಿಗೆ ಹುಳ ಅಂದ್ರೆ ಹಬ್ಬ. ತಿಂದು ಇನ್ನೂ ನಾಲ್ಕು ಬೆರಳು ದಪ್ಪ ಆಗ್ಲಿ. ಅವನೇನು ನಮಗೆ ಬೈತಾನಾ?"

ಇದು ಹುಳು ಸಾಕುವವರಿಂದ ಮಾತ್ರ ಆಗುವ ತಪ್ಪು. ನಮ್ಮ ಮನೆಗಳಲ್ಲಿ ಮಿಕ್ಕ ಹುಳುವನ್ನು ಕೋಳಿಗೆ ಎರಚುವುದು, ಕೆರೆಯ ಮೀನಿಗೆ ಹಾಕುವುದು ಮೊದಲಿನಿಂದ ಇದ್ದ ಅಭ್ಯಾಸ. ಅಪ್ಪ ಅಷ್ಟರಮಟ್ಟಿಗೆ ಅದನ್ನು ಉಪಕಾರವೆಂದೇ ತಿಳಿದಿದ್ದ. ಮಂಕರಿ ಬೋರಲು ಹಾಕಿದ ಕೂಡಲೇ ನೀರು ಕುದಿದಂತಾಯಿತು. ಕಾಟ್ಲಾಗಳು ಒಂದರ ಮೇಲೊಂದು ಬಿದ್ದು, ಬಾಯಿ ಅಗಲಿಸಿ ನುಂಗಿದವು. ನನಗೆ ಎಷ್ಟು ಖುಷಿಯಾಯಿತೆಂದರೆ ಮಂಕರಿಯ ತಳದಲ್ಲಿ ಅಂಟಿದ್ದನ್ನೂ ಬೆರಳಲ್ಲಿ ಬಳಿದು ಬಳಿದು ಹಾಕಿದೆ. ಆ ಲೋಳೆ ಈಗಲೂ ನನ್ನ ಉಗುರಿನ ಸಂದಿಯಲ್ಲಿದೆ ಅನಿಸುತ್ತದೆ.

"ಯಾರಿಗೂ ಹೇಳಬೇಡ," ಅಂದ ಅಪ್ಪ, ವಾಪಸು ಬರುವಾಗ.

ಯುಗಾದಿಯ ಬೆಳಿಗ್ಗೆ ಅಮ್ಮ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದಳು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು, ಬೆಲ್ಲ ಕುಟ್ಟಿಟ್ಟಿತ್ತು, ಬಾಗಿಲಿಗೆ ಮಾವಿನ ಸೊಪ್ಪು, ಬೇವು. ಕೆಳಗಿನಿಂದ ಲಕ್ಷ್ಮಕ್ಕ ಕೂಗಿದ್ದು ಕೇಳಿತು. ಅದು ಅಳುವೂ ಅಲ್ಲ, ಬೈಗುಳವೂ ಅಲ್ಲ. ಅಪ್ಪನ ಮುಖ ನೋಡಿದೆ. ಅವನು ಹಲ್ಲುಜ್ಜುತ್ತಿದ್ದ ಬೇವಿನ ಕಡ್ಡಿ ಹಾಗೇ ಬಾಯಲ್ಲಿತ್ತು.

ನಾವು ಹೋಗುವಷ್ಟರಲ್ಲಿ ಊರೇ ಕಟ್ಟೆಯ ಮೇಲಿತ್ತು. ನೀರಿನ ತುಂಬ ಬಿಳಿ ಹೊಟ್ಟೆಗಳು. ದಪ್ಪ ಮೀನು, ಸಣ್ಣ ಮೀನು, ನಾವು ಹೆಸರಿಟ್ಟಿದ್ದ ಮೀನು. ಕೊರಮೀನಿನ ತಾಯಿ ಮಾತ್ರ ಇನ್ನೂ ಸಾಯದೆ ದಡಕ್ಕೆ ಮೂತಿ ಇಟ್ಟು ಗಾಳಿ ಎಳೆಯುತ್ತಿತ್ತು. ಹಕ್ಕಿಗಳು ಒಂದೂ ಇಲ್ಲ. ಬಿಸಿಲು ಏರಿದಂತೆ ನಾತವೂ ಏರಿತು.

ಮುನಿಶಾಮಣ್ಣ ಸೊಂಟದವರೆಗೆ ನೀರಲ್ಲಿ ನಿಂತಿದ್ದ. ಒಂದು ಕಾಟ್ಲಾ ಎತ್ತಿ ತಂದು, ಚಪ್ಪಡಿಯ ಮೇಲಿಟ್ಟು ಹೊಟ್ಟೆ ಸೀಳಿದ. ಒಳಗಿನಿಂದ ಕಪ್ಪು ಹುಳುಗಳ ಮುದ್ದೆ ಹೊರಬಂತು. ಮೂಸಿ ನೋಡಿದ.

"ಬ್ಲೀಚಿಂಗು," ಅಂದ. "ಯಾರೋ ಹುಳ ಹಾಕವ್ರೆ, ತಟ್ಟೆ ತೊಳೆದವ್ರೆ. ಯಾರು ಅಂತ ಹೇಳಿಬಿಡಿ. ನಾನು ಜಗಳ ಆಡಲ್ಲ. ನೀರು ತಾನಾಗಿ ಕೆಟ್ಟಿದ್ದಲ್ಲ ಅಂತ ಯಜಮಾನ್ರಿಗೆ ಗೊತ್ತಾದ್ರೆ ಸಾಕು, ಕಟ್ಟೆ ಉಳೀತದೆ."

ಊರಲ್ಲಿ ಹುಳು ಸಾಕುವ ಮನೆಗಳು ಐದಾರಿದ್ದವು. ಅವನು ಒಂದೊಂದೇ ಮುಖ ನೋಡುತ್ತ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಸರೋಜಾ, ನೀನು ಇಲ್ಲೇ ಆಡ್ತಿರ್ತೀಯ. ನಿನ್ನೆ ಯಾರಾದ್ರೂ ತಟ್ಟೆ ತೊಳೆದಿದ್ದು ನೋಡಿದ್ಯೇನಮ್ಮಾ?"

ಅಮ್ಮನ ಕೈ ನನ್ನ ಕತ್ತಿನ ಹಿಂದೆ ಬಂತು. ಎಣ್ಣೆಗೈ. ಅವಳೇನೂ ಹಿಸುಕಲಿಲ್ಲ, ಸುಮ್ಮನೆ ಇಟ್ಟಳು. ಅಪ್ಪ ಎತ್ತಲೋ ನೋಡುತ್ತಿದ್ದ.

"ಇಲ್ಲ ಮಾಮ," ಅಂದೆ.

ಮುನಿಶಾಮಣ್ಣ ಎದ್ದು ನಿಂತ. ಅಪ್ಪ ಗಂಟಲು ಸರಿಮಾಡಿಕೊಂಡ. "ಮಗೂನ ಯಾಕಪ್ಪಾ ಕೇಳ್ತೀಯ? ನೀರೇ ಸರಿಯಿಲ್ಲ. ನಿಂತ ನೀರು, ಬಿಸಿಲಿಗೆ ಕೊಳೆತದೆ. ನಾಳೆ ನಮ್ಮ ದನ ಕುಡಿದು ಸತ್ತರೆ ಯಾರು ಜವಾಬು?"

ನನ್ನ ಅಪ್ಪ ಅದನ್ನು ಹೇಳುವಾಗ ಅವನ ದನಿ ಒಂದಿಷ್ಟೂ ನಡುಗಲಿಲ್ಲ. ನಾನು ಆ ದನಿಯನ್ನು ಅವತ್ತಿನಿಂದ ಇಷ್ಟಪಟ್ಟಿಲ್ಲ. ಅವನು ದೇವರ ಮುಂದೆ ಮಂತ್ರ ಹೇಳಿದರೂ ನನಗೆ ಅದೇ ದನಿ ಕೇಳುತ್ತದೆ.

ಯಜಮಾನರು ಕಟ್ಟೆ ಒಡೆಯಿರಿ ಅಂದರು. ನಾಲ್ಕು ಜನ ಗುದ್ದಲಿ ತಂದರು. ಎಲ್ಲಿ ಬೇಕೆಂದರಲ್ಲಿ ಕಡಿದರೆ ನೀರು ನುಗ್ಗಿ ಕೆಳಗಿನ ತೋಟಗಳ ಮಣ್ಣು ಕೊಚ್ಚಿಹೋಗುತ್ತದೆ ಎಂದು ಮುನಿಶಾಮಣ್ಣ ಅವರನ್ನು ತಡೆದ. ಗುದ್ದಲಿ ತಾನೇ ಇಸಿದುಕೊಂಡ. ಕೋಡಿಯ ಪಕ್ಕ, ಗಟ್ಟಿ ನೆಲವಿದ್ದ ಕಡೆ, ಗೇಣು ಗೇಣಾಗಿ ಕೆತ್ತುತ್ತ ಬಂದ. ನಾವು ಕುಣಿದು ಗಟ್ಟಿ ಮಾಡಿದ್ದ ಮಣ್ಣು. ಸುಲಭಕ್ಕೆ ಬಿಡಲಿಲ್ಲ. ಅವನ ಉಸಿರು ನಮಗೆ ಕೇಳಿಸುತ್ತಿತ್ತು. ಊರಿನ ಮೇಲೆ ಅಷ್ಟು ಸಿಟ್ಟು ಬರಬೇಕಾದ ದಿನವೂ ಅವನಿಗೆ ಊರಿನ ತೋಟಗಳ ಚಿಂತೆ.

ನೀರು ಇಳಿದದ್ದೇ ತಡ, ಜನ ಕೆಸರಿಗೆ ಬಿದ್ದರು. ಮುಖ ಸಿಂಡರಿಸಿಕೊಂಡು ನಿಂತಿದ್ದವರೇ ಸೀರೆ, ಪಂಚೆ ಎತ್ತಿ ಕಟ್ಟಿ ಮೀನು ಬಾಚಿದರು. "ಇದು ಇನ್ನೂ ಬಾಯಾಡಿಸ್ತದೆ, ಏನೂ ಆಗಲ್ಲ," "ಹುಣಸೆಹುಳಿ ಜಾಸ್ತಿ ಹಾಕಿದ್ರೆ ವಾಸನೆ ಹೋಗ್ತದೆ," ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ಉಸಿರಾಡುತ್ತಿದ್ದ ಕೊರಮೀನನ್ನು ಯಜಮಾನರ ಮನೆಯವರೇ ಗೋಣಿಗೆ ಹಾಕಿಕೊಂಡರು. ಲಕ್ಷ್ಮಕ್ಕ ಕಟ್ಟೆಯ ಮೇಲೆ ನಿಂತು, "ಮೀ ನೋಟ್ಲೋ ಮನ್ನು ಪಡ!" ಎಂದು ಎರಡೂ ಕೈಯಲ್ಲಿ ಮಣ್ಣು ಬಾಚಿ ತೂರಿದಳು. ನಿಮ್ಮ ಬಾಯಿಗೆ ಮಣ್ಣು ಬೀಳಲಿ ಅಂತ. ಒಬ್ಬರೂ ತಲೆ ಎತ್ತಲಿಲ್ಲ, ಅಷ್ಟು ಕೆಲಸವಿತ್ತು ಅವರಿಗೆ.

ಮನೆಗೆ ಬಂದು ನಾನು ಅಳಲು ಶುರು ಮಾಡಿದೆ. "ಹೇಳಿಬಿಡ್ತೀನಿ" ಅಂದೆ. ಅಮ್ಮ ತುಪ್ಪ ಸವರಿದ ಬಿಸಿ ಒಬ್ಬಟ್ಟನ್ನು ನನ್ನ ಬಾಯಿಗೆ ತುರುಕಿದಳು. "ಬಾಯಿ ಮುಚ್ಕೊಂಡು ತಿನ್ನೇ. ಹಬ್ಬದ ದಿನ ಮನೆ ಮಾನ ಕಳೀತೀಯಾ?" ನನ್ನ ಬೆರಳಲ್ಲಿ ಬ್ಲೀಚಿಂಗು, ಕಿಟಕಿಯಿಂದ ಸತ್ತ ಮೀನು, ಬಾಯಲ್ಲಿ ಬೆಲ್ಲ. ಅಲ್ಲೇ ಕಕ್ಕಿದೆ.

ವರ್ಷತೊಡಕಿನ ದಿನ ಊರೆಲ್ಲ ಮೀನು ಸಾರು ಕುದಿಯಿತು. ನಮ್ಮ ಮನೆಯಲ್ಲಿ ಮಾತ್ರ ಕೋಳಿ. ಅಪ್ಪ ಒಂದು ಮೀನನ್ನೂ ಮುಟ್ಟಿರಲಿಲ್ಲ, ಯಾಕೆಂದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಪಕ್ಕದ ಮನೆಗೂ ಹೇಳಲಿಲ್ಲ. ಗೋಡೆಯಾಚೆ ಭಾರತಿ ಸಂಜೆಯವರೆಗೆ ವಾಂತಿ ಮಾಡಿಕೊಂಡದ್ದು ಕೇಳುತ್ತಿತ್ತು. ಅಪ್ಪ ಕೋಳಿಯ ಮೂಳೆ ಚೀಪುತ್ತ, ಹಬ್ಬದಲ್ಲಿ ಮಕ್ಕಳು ಮಿತಿ ಇಲ್ಲದೆ ತಿನ್ನುತ್ತವೆ ಅಂದ. ಭಾರತಿ ಎರಡು ದಿನದಲ್ಲಿ ಸುಧಾರಿಸಿಕೊಂಡಳು. ನಾನು ಅವಳ ಜೊತೆ ಮೊದಲಿನಂತೆ ಆಡಲು ಆಗಲಿಲ್ಲ.

ನಮ್ಮ ಮುಂದಿನ ಬೆಳೆ ಚೆನ್ನಾಗಿಯೇ ಬಂತು. ತಟ್ಟೆಗಳು ಅಷ್ಟು ಶುದ್ಧವಾಗಿದ್ದವು. ಅಪ್ಪ ನನಗೊಂದು ಜರಿಯಂಚಿನ ಲಂಗ ತಂದ. ಒಂದು ಸಲ ಉಟ್ಟು, ನಾನೇ ಹರಿದು ಹಾಕಿ, ಬೇಲಿಗೆ ಸಿಕ್ಕಿ ಹರಿಯಿತೆಂದು ಹೇಳಿದೆ. ಮಳೆಗಾಲಕ್ಕೆ ಮುಂಚೆ ಮುನಿಶಾಮಣ್ಣ, ಲಕ್ಷ್ಮಕ್ಕ ಊರು ಬಿಟ್ಟರು. ಅವನು ಕೋಲಾರದ ಟೊಮೇಟೊ ಮಂಡಿಯಲ್ಲಿ ಕ್ರೇಟು ಹೊರುತ್ತಾನೆ ಅಂತ ಯಾರೋ ಹೇಳಿದರು.

ನಾನೀಗ ಹೈಸ್ಕೂಲಿನಲ್ಲಿ ಮೇಷ್ಟ್ರಮ್ಮ. ಹಬ್ಬಕ್ಕೆ ಊರಿಗೆ ಹೋದಾಗ ಆ ಜಾಗ ನೋಡುತ್ತೇನೆ. ನೀಲಗಿರಿ ಹಾಕಿದ್ದಾರೆ. ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಮೇಲೆ ಹಕ್ಕಿ ಕೂರುವುದಿಲ್ಲ. ಜೋರು ಮಳೆ ಬಂದರೆ ನೀರು ಎರಡು ದಿಣ್ಣೆಗಳ ನಡುವೆ ಒಂದು ಗಂಟೆ ಕೆಂಪಗೆ ಓಡಿ ಖಾಲಿಯಾಗುತ್ತದೆ. ಊರ ಕೆರೆಗೂ ಅದರಿಂದ ಏನೂ ಹೆಚ್ಚಾಗಲಿಲ್ಲ. ನನ್ನ ಮಗಳು ಗುಳುಮುಳುಕವನ್ನು ಫೋನಿನಲ್ಲಿ ನೋಡಿದ್ದಾಳೆ. ಅಪ್ಪನಿಗೆ ವಯಸ್ಸಾಗಿದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲೊಂದು ಕುಂಟೆ ಇತ್ತು, ನೀರು ಸರಿಯಿರಲಿಲ್ಲ, ತಾನಾಗೇ ಕೆಟ್ಟುಹೋಯ್ತು ಅಂತ ಹೇಳುತ್ತಾನೆ. ಈಗ ಅವನು ಅದನ್ನು ನಂಬಿಬಿಟ್ಟಿದ್ದಾನೆ ಅಂತ ನನಗೆ ಅನುಮಾನ. ನಾನು ಎದ್ದು ಹೊರಗೆ ಹೋಗುತ್ತೇನೆ.

ಹೋದ ವರ್ಷ ವಕ್ಕಲೇರಿಯ ಬಸ್‌ ಸ್ಟಾಪಿನಲ್ಲಿ ಮುನಿಶಾಮಣ್ಣನನ್ನು ಕಂಡೆ. ಬೆನ್ನು ಬಾಗಿತ್ತು, ಬಾಯಿ ಹಾಗೇ ಇತ್ತು. ಪಕ್ಕದಲ್ಲಿ ಕೂತವನಿಗೆ ಏನೋ ಹೇಳಿ ನಗಿಸುತ್ತಿದ್ದ. ನನ್ನ ಹೆಸರು ಹೇಳಿದೆ. ಗುರುತು ಹಿಡಿದ. ನಾನು ಅಲ್ಲೇ, ಅಷ್ಟು ಜನರ ನಡುವೆ, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮಾಮ, ಆವತ್ತು ನಾನು ಸುಳ್ಳು ಹೇಳಿದೆ. ತಟ್ಟೆ ತೊಳೆದಿದ್ದು ನಮ್ಮಪ್ಪ. ಪೌಡರು ಚಿಮುಕಿಸಿದ್ದು ನಾನು. ಹುಳಾನೂ ನನ್ನ ಕೈಯಾರೆ ಹಾಕ್ದೆ."

ಅವನು ನನ್ನ ಮುಖ ನೋಡಿದ. "ಗೊತ್ತಿತ್ತು ಕಣಮ್ಮಾ. ನಿನ್ನ ಮುಂದೆ ಕೂತಾಗ ನಿನ್ನ ಕೈಯೆಲ್ಲ ಅದೇ ಘಾಟು."

"ಗೊತ್ತಿದ್ರೂ ಯಾಕೆ ಕೇಳಿದ್ರಿ?"

"ನಾನು ಹೇಳಿದ್ರೆ ಯಾರು ನಂಬ್ತಿದ್ರು? ದೊಡ್ಡೋರು ಹೇಳಲ್ಲ ಅಂತ ಗೊತ್ತಿತ್ತು. ನೀನು ಹೇಳ್ತೀಯ ಅಂದ್ಕೊಂಡೆ."

ಕೋಲಾರದ ಬಸ್ಸು ಬಂತು. ಅವನು ಚೀಲ ಎತ್ತಿಕೊಂಡು, ಅಪ್ಪ ಹೇಗಿದ್ದಾರೆ ಎಂದು ಕೇಳಿ, ನನ್ನ ಉತ್ತರಕ್ಕೆ ತಲೆಯಾಡಿಸಿ, ಹತ್ತಿ ಕಿಟಕಿಯ ಪಕ್ಕ ಕೂತ. ಹೋಗಲಿ ಬಿಡು ಎಂದು ಅವನು ಹೇಳಲಿಲ್ಲ. ಹೇಳಬಹುದು ಎಂದು ನಾನು ಬಸ್ಸು ಹೊರಡುವವರೆಗೂ ಆ ಕಿಟಕಿಯ ಕೆಳಗೆ ನಿಂತಿದ್ದೆ.